ಗೌರಕ್ಕ ಬಾಯಿಬಿಟ್ಟು ಕೇಳಿದ್ದು

ಹಳೇ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ ಕುಬೇರಪ್ಪನ ಅಕ್ಕ ಗೌರಕ್ಕನ ಬಾಯಿ ಓಣಿಗೆಲ್ಲ ಗೊತ್ತಿತ್ತು. ಬೆಳಗ್ಗೆ ಕೊಡ ಹೊತ್ತು ಆ ಮನೆಯ ಮುಂದೆ ಹಾಯುವ ಹೆಂಗಸರು, 'ಗೌರಕ್ಕಗ ಎಚ್ಚರಾತು ನೋಡ್ರಿ' ಎಂದು ನಗುತ್ತಿದ್ದರು. ಒಳಗಿನಿಂದ ಬೈಗುಳ ಕೇಳಿಬರುತ್ತಿತ್ತು. ದೀಪದ ಮಸಿ ಯಾಕೆ ಒರೆಸಿಲ್ಲ, ಚಾಪೆ ಯಾಕೆ ಸೊಟ್ಟಗಿದೆ, ವಿಭೂತಿ ಗಟ್ಟಿ ಎಲ್ಲಿ ಹೋಯಿತು, ಕಿಟಕಿ ತೆರೆದವರು ಯಾರು. ಬೈಸಿಕೊಳ್ಳುವವಳು ಯಾವಾಗಲೂ ಒಬ್ಬಳೇ. ಅವಳ ಹೆಸರು ಬೀರವ್ವ.

ಗೌರಕ್ಕ ಹುಟ್ಟಿನಿಂದ ಹೀಗೆ ಕೂತವಳಲ್ಲ. ಹದಿಮೂರನೆಯ ವಯಸ್ಸಿಗೆ ನವಲಗುಂದಕ್ಕೆ ಸೊಸೆಯಾಗಿ ಹೋಗಿ, ಹೊಲದ ಆಳುಗಳಿಗೆಲ್ಲ ರೊಟ್ಟಿ ಬಡಿದು ಬುತ್ತಿ ಕಟ್ಟಿದ ಕೈ ಅವಳದು. ಸಾವಿರದ ಒಂಬೈನೂರ ಇಪ್ಪತ್ತನಾಲ್ಕನೆಯ ಇಸವಿಯ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತ ಹಾಕುತ್ತ ಹಿಂದಕ್ಕೆ ಸರಿದಳು. ಹಿಂದೆ ಬೆಳಕಿಂಡಿ ಇತ್ತು. ನೇರವಾಗಿ ಅಡುಗೆಮನೆಯ ಕಲ್ಲುನೆಲಕ್ಕೆ ಬಂದು ಬಿದ್ದಳು. ಜೀವ ಉಳಿಯಿತು, ಸೊಂಟದ ಕೆಳಗಿನ ಬಲ ಹೋಯಿತು. ಗಂಡನ ಮನೆಯವರು ಎಲುಬು ಕಟ್ಟುವವರನ್ನು ಕರೆಸಿದರು, ಎಣ್ಣೆ ತಿಕ್ಕಿಸಿದರು, ಹರಕೆ ಹೊತ್ತರು. ಎರಡು ವರ್ಷ ನೋಡಿ, ಕಾಲು ಏಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗಂಡನಿಗೆ ಇನ್ನೊಂದು ಹೆಣ್ಣು ನೋಡಿದರು. ಆಗ ತಮ್ಮ ಕುಬೇರಪ್ಪ ಬಂಡಿ ಕಟ್ಟಿಕೊಂಡು ಹೋಗಿ ಅಕ್ಕನನ್ನು ಕರೆತಂದ.

ಅವಳನ್ನು ನೋಡಿಕೊಳ್ಳಲು ಬಂದವಳೇ ಬೀರವ್ವ. ಅಮರಗೋಳದ ಕುರುಬರ ಮನೆಯ ವಿಧವೆ. ಗಟ್ಟಿ ಮೈ, ಕಡಿಮೆ ಮಾತು. ಬೆಳಗ್ಗೆ ಗೌರಕ್ಕನನ್ನು ಬೆನ್ನ ಮೇಲೆ ಹೊತ್ತು ಬಚ್ಚಲಿಗೆ ಒಯ್ಯುವಳು, ಮೈ ತೊಳೆಯುವಳು, ಸೀರೆ ಸುತ್ತುವಳು, ಲಿಂಗಪೂಜೆಗೆ ಕೂರಿಸುವಳು. ಮತ್ತೆ ಹೊತ್ತು ತಂದು ಪಡಸಾಲೆಯ ಕಂಬಕ್ಕೆ ಆನಿಸಿ ಕೂರಿಸುವಳು. ದಿನದಲ್ಲಿ ಹೀಗೆ ಎಷ್ಟೋ ಸಲ.

ಇಷ್ಟು ವರ್ಷದಲ್ಲಿ ಗೌರಕ್ಕ ಒಂದು ಸಲವೂ 'ನನಗೆ ಬಚ್ಚಲಿಗೆ ಹೋಗಬೇಕಾಗಿದೆ' ಎಂದು ಹೇಳಿದವಳಲ್ಲ. ಆ ಮಾತು ಅವಳ ಬಾಯಿಂದ ಹೊರಡುತ್ತಿರಲಿಲ್ಲ. ದೊಡ್ಡ ಮನೆತನದ ಹೆಣ್ಣು, ನಾಲ್ಕು ಜನರಿಗೆ ಹುಕುಂ ಮಾಡಿ ಬದುಕಿದವಳು, ಕೂಸಿನ ಹಾಗೆ ಉಚ್ಚೆಗೆ ಒಯ್ಯಿ ಎಂದು ಕೇಳುವುದೇ? ಒಳಗೆ ಅವಸರವಾದಂತೆ ಅವಳು ದೀಪವನ್ನು ಬೈಯುತ್ತಿದ್ದಳು, ಚಾಪೆಯನ್ನು ಬೈಯುತ್ತಿದ್ದಳು. ಬೀರವ್ವ ಮಾತಿಲ್ಲದೆ ಬಂದು ಬೆನ್ನು ಕೊಟ್ಟು ಕೂರುತ್ತಿದ್ದಳು. ಬೈಗುಳದ ಯಾವ ಏರಿಗೆ ಯಾವ ಅರ್ಥವೆಂದು ಅವಳು ಕಲಿತುಬಿಟ್ಟಿದ್ದಳು. ಕೆಲವೊಮ್ಮೆ ತಪ್ಪುತ್ತಿತ್ತು. ಗೌರಕ್ಕ ನಿಜವಾಗಿಯೇ ದೀಪವನ್ನು ಬೈದಿದ್ದಾಗ ಬೆನ್ನು ಕೊಟ್ಟು ಕೂತು, ಅದಕ್ಕೂ ಬೈಸಿಕೊಳ್ಳುತ್ತಿದ್ದಳು.

ಹೀಗೆ ಎಂಟು ವರ್ಷ ನಡೆಯಿತು.

ಮೂವತ್ನಾಲ್ಕನೆಯ ಇಸವಿಯ ಮಾಘದಲ್ಲಿ ಕುಬೇರಪ್ಪನ ಮಗಳು ನೀಲವ್ವನನ್ನು ನೋಡಲು ಧಾರವಾಡದಿಂದ ಜನ ಬರುವುದೆಂದು ಗೊತ್ತಾಯಿತು. ಕುಬೇರಪ್ಪನ ಹೆಂಡತಿ ಮುರಿಗೆವ್ವನಿಗೆ ಒಂದೇ ಅಂಜಿಕೆ. ಮನೆಯಲ್ಲಿ ಕಾಲಿಲ್ಲದವಳೊಬ್ಬಳು ಇದ್ದಾಳೆಂದರೆ ಮನೆತನದ ರಕ್ತದಲ್ಲೇ ಏನೋ ಊನ ಇದೆಯೆಂದು ಅವರು ತಿಳಿದರೆ? ಬಿದ್ದು ಹೀಗಾಯಿತೆಂದು ಹೇಳಬಹುದು, ಆದರೆ ನಂಬಬೇಕಲ್ಲ. ಹಾಗೆಂದು ಮನೆಯ ಹಿರಿಯಳನ್ನು ಒಳಗೆ ಬಚ್ಚಿಡುವುದಕ್ಕೂ ಬರುವಂತಿಲ್ಲ.

'ಗೌರಕ್ಕಾರ, ಅವರು ಬರೂಕ್ಕಿಂತ ಮೊದಲ ನಿಮ್ಮನ್ನ ಪಡಸಾಲ್ಯಾಗ ಕುಂಡರಸ್ತೇವಿ' ಎಂದಳು ಮುರಿಗೆವ್ವ. 'ಅವರು ಹೋಗೂತನಕ ಏಳೂದು ಬ್ಯಾಡ. ಹೊತಗೊಂಡ ಹೋಗೂದು ಅವರ ಕಣ್ಣಿಗಿ ಬೀಳಬಾರದು ನೋಡ್ರಿ.'

ಗೌರಕ್ಕ ಹೂಂ ಎಂದಳು. ಬೆಳಗ್ಗಿನಿಂದ ನೀರು ಕುಡಿಯಲಿಲ್ಲ. ನವಲಗುಂದದ ಜಮಖಾನೆ ಹಾಸಿ, ಇಳಕಲ್ಲ ಸೀರೆಯ ನೆರಿಗೆಯನ್ನು ಕಾಲಿನ ಮೇಲೆ ಚೆಂದಾಗಿ ಹರಡಿ ಕೂರಿಸಿದರು. ನೋಡಿದವರು ಮೊಣಕಾಲು ಮಡಚಿ ಕೂತ ಯಜಮಾನತಿ ಎನ್ನಬೇಕು, ಹಾಗೆ.

ಬೀಗರಾಗುವವರು ಹೊತ್ತಿಗೆ ಬರಲಿಲ್ಲ. ಬಂದ ಮೇಲೆ ಏಳಲಿಲ್ಲ. ಹುಡುಗನ ತಾಯಿ ಗೌರಕ್ಕನ ಮಗ್ಗುಲಿಗೇ ಕೂತು, ಕುಪ್ಪಸದ ಖಣದಿಂದ ಹಿಡಿದು ಧಾರವಾಡದ ನೀರಿನ ರುಚಿಯವರೆಗೆ ಎಲ್ಲ ಮಾತಾಡಿದಳು. ಗೌರಕ್ಕನೂ ಸರಿಯಾಗಿ ಉತ್ತರ ಕೊಟ್ಟಳು. ಅವಳ ಮಾತಿನ ಗತ್ತು ನೋಡಿ ಆ ಹೆಣ್ಣುಮಗಳಿಗೆ ಮೆಚ್ಚಿಕೆಯಾದದ್ದೂ ಕಾಣುತ್ತಿತ್ತು. ಅವಲಕ್ಕಿ, ಉಂಡಿ, ಚಹಾ ಬಂದವು. ಬೇಡವೆಂದರೂ ಕೇಳದೆ ಆಕೆ ಗೌರಕ್ಕನ ಕೈಗೆ ತಾನೇ ಬಟ್ಟಲು ಕೊಟ್ಟಳು. ಗೌರಕ್ಕ ಕುಡಿದಳು.

ಸ್ವಲ್ಪ ಹೊತ್ತಿಗೆ ಒಳಗೆ ಅವಸರವಾಯಿತು. ಬಿದ್ದಂದಿನಿಂದ ಅವಳಿಗೆ ಅದು ತಡವಾಗಿ ಗೊತ್ತಾಗುತ್ತಿತ್ತು, ಗೊತ್ತಾದ ಮೇಲೆ ಹೆಚ್ಚು ಹೊತ್ತು ತಡೆಯಲು ಬರುತ್ತಿರಲಿಲ್ಲ. ಬೀರವ್ವ ನೀರಿನ ತಂಬಿಗೆ ತಂದು ಇಡುತ್ತಿದ್ದಳು.

'ಏ ಬೀರಿ, ಆ ಕಿಡಕಿ ಯಾಕ ತಗದೀ? ಬಿಸಿಲ ಬೀಳಾಕತ್ತೈತಿ, ಕಣ್ಣ ಕಾಣಂಗಿಲ್ಲೇನು?'

ಬೀರವ್ವ ಕಿಟಕಿಯ ಕಡೆ ನೋಡಲೇ ಇಲ್ಲ. ಬಾಗಿ, ತಂಬಿಗೆಯನ್ನು ಸರಿಸುವ ನೆಪದಲ್ಲಿ ಕಿವಿಯ ಹತ್ತಿರ ಕೇಳಿದಳು: 'ಬಚ್ಚಲಕೇನ್ರಿ?'

ಹುಡುಗನ ತಾಯಿ ತಿರುಗಿ ನೋಡಿದಳು. ಗೌರಕ್ಕನ ಮುಖಕ್ಕೆ ಬಿಸಿ ಏರಿತು.

'ಏನ ಅದು ಕಿವ್ಯಾಗ ಗುಸುಗುಸು? ದೊಡ್ಡವರ ಮುಂದ ಹೆಂಗಿರಬೇಕಂತ ತಿಳೀದಿಲ್ಲ? ನಡಿ ಒಳಗ!'

ಬೀರವ್ವ ಒಳಗೆ ಹೋದಳು. ಆಮೇಲೆ ಆದದ್ದನ್ನು ತಡೆಯುವುದು ಗೌರಕ್ಕನ ಕೈಯಲ್ಲಿರಲಿಲ್ಲ. ತೊಡೆಯ ಕೆಳಗೆ ಜಮಖಾನೆ ಬೆಚ್ಚಗಾಯಿತು. ಅವಳು ನಗುನಗುತ್ತಲೇ ಮಾತಾಡುತ್ತಿದ್ದಳು. ಒದ್ದೆ ಹರಡಿ ಸೀರೆಯ ಅಂಚಿನಾಚೆ ಕಾಣಿಸಿಕೊಳ್ಳುವುದೆಂದು ಅನ್ನಿಸಿದಾಗ ಅವಳ ಕೈ ತಾನಾಗಿಯೇ ಚಾಚಿತು, ತಂಬಿಗೆಯನ್ನು ತಳ್ಳಿತು. ನೀರು ಜಮಖಾನೆಯ ತುಂಬ ಹರಿಯಿತು.

'ಅಯ್ಯ! ಎಲ್ಲಿ ಇಟ್ಟ ಹೋಗ್ಯಾಳ ನೋಡ್ರಿ ತಂಬಿಗಿ!' ಎಂದು ಅವಳೇ ಮೊದಲು ಕೂಗಿದಳು. 'ಬೀರಿ! ಏ ಬೀರಿ! ನನ್ನ ಸೀರಿ ಎಲ್ಲಾ ತೋಯಿಸಿದೆಲ್ಲ!'

ಬೀರವ್ವ ಬಾಗಿಲಲ್ಲಿ ಬಂದು ನಿಂತಳು. ಬಟ್ಟೆ ತಂದು ಒರೆಸಿದಳು. ಹುಡುಗನ ತಾಯಿ 'ಇರಲಿ ಬಿಡ್ರಿ' ಎಂದಳು, ಆದರೆ ಸೆರಗಿನ ತುದಿಯನ್ನು ಮೂಗಿಗೆ ಒಯ್ದು ತುಸು ಆಚೆ ಸರಿದಳು. ಅದನ್ನು ಗೌರಕ್ಕ ಕಂಡಳು. ಸಾಯುವ ತನಕ ಮರೆಯಲಿಲ್ಲ.

ಅವರು ಹೋದ ಮೇಲೆ ಮುರಿಗೆವ್ವ ಮನೆಯವರೆಲ್ಲರ ಎದುರು ಬೀರವ್ವನನ್ನು ನಿಲ್ಲಿಸಿ ಬೈದಳು. ಬೀಗರ ಮುಂದೆ ಮಾನ ಕಳೆದಿ, ಇನ್ನು ಈ ಮನೆಯಲ್ಲಿ ಇರಬೇಡ ಎಂದಳು. ಕುಬೇರಪ್ಪ ಸುಮ್ಮನಿದ್ದ. ಗೌರಕ್ಕ ಕಂಬಕ್ಕೆ ಆನಿಕೊಂಡು ಕೂತೇ ಇದ್ದಳು. ಬಾಯಿ ತೆರೆಯಲು ಅವಳಿಗೆ ಸಾಕಷ್ಟು ಹೊತ್ತಿತ್ತು. ಬೀರವ್ವ ತನ್ನ ಕಂಬಳಿ ಮಡಚಿದಳು, ಎರಡು ಸೀರೆಗಳನ್ನು ಗಂಟು ಕಟ್ಟಿದಳು, ಹಿತ್ತಲ ಬಾಗಿಲಿಂದ ಹೋಗದೆ ಮುಂಬಾಗಿಲಿಗೇ ಬಂದು, 'ಬರ್ತೇನ್ರಿ ಅಕ್ಕಾರ' ಎಂದು ಹೋದಳು. ಆಗಲೂ ಗೌರಕ್ಕ ಬಾಯಿ ತೆರೆಯಲಿಲ್ಲ.

ಮರುದಿನದಿಂದ ಮುರಿಗೆವ್ವನೇ ಎಲ್ಲ ಮಾಡಬೇಕಾಯಿತು. ಅವಳಿಗೆ ಹೊರುವುದು ಆಗದು, ಒಬ್ಬ ಆಳುಮಗಳನ್ನು ಕರೆದು ಇಬ್ಬರೂ ಕೈಕಾಲು ಹಿಡಿದು ಎತ್ತುತ್ತಿದ್ದರು. ಗೌರಕ್ಕ ಬೈದರೆ ಮುರಿಗೆವ್ವ ನಿಜವಾಗಿಯೂ ದೀಪ ಒರೆಸಿ ಹೋಗುತ್ತಿದ್ದಳು. ದಿನಕ್ಕೆ ಎರಡು ಸಲ ಹಾಸಿಗೆ ಒದ್ದೆಯಾಗುತ್ತಿತ್ತು. ನಾಲ್ಕನೆಯ ದಿನ ಹಾಸಿಗೆ ಬದಲಿಸುವಾಗ ಗೌರಕ್ಕ ತಡೆಯಲಾರದೆ ಹೇಳಿಬಿಟ್ಟಳು.

'ಮುರಿಗೆವ್ವಾ, ಅವತ್ತ ಜಮಖಾನಿ ಮ್ಯಾಲೆ... ಅದು ತಂಬಿಗಿ ನೀರಲ್ಲ.'

ಮುರಿಗೆವ್ವ ಕೌದಿ ಝಾಡಿಸುತ್ತಲೇ ಇದ್ದಳು. 'ನನಗ ಗೊತ್ತಿಲ್ಲಂತ ತಿಳದೀರೇನ್ರಿ? ಜಮಖಾನಿ ಒಗದಾಕಿ ನಾನ.'

'ಮತ್ತ ಆಕಿನ್ನ ಯಾಕ ಬಿಡಿಸಿದಿ?'

'ಬಿಡಿಸಲಿಲ್ಲಂದ್ರ ಅವರು ನಂಬತಿದ್ರೇನ್ರಿ? ನೀರ ಚೆಲ್ಲಿದಾಕಿನ್ನ ಹೊರಗ ಹಾಕೇವಿ ಅಂತ ಹೇಳಿ ಕಳಿಸೇವಿ. ಮದವಿ ಆಗೂತನಕ ಸುಮ್ಕಿರ್ರಿ ಅಕ್ಕಾರ. ಹುಡಿಗಿ ಬಾಳೇವು ನೋಡಬೇಕಲ್ಲ.'

ಆ ಮಾತು ಕೇಳಿ ಗೌರಕ್ಕನಿಗೆ ಹಗುರಾಯಿತು. ಈಗ ಸುಮ್ಮನಿರುವುದಕ್ಕೆ ಒಂದು ಕಾರಣ ಸಿಕ್ಕಿತ್ತು, ಅದೂ ನೀಲವ್ವನ ಸಲುವಾಗಿ. ಮಧ್ಯಾಹ್ನ ಉಂಡು ಅಡ್ಡಾದಾಗ, ತನಗೆ ಹಗುರಾದದ್ದು ನೆನಪಾಗಿ ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಫಾಲ್ಗುಣದಲ್ಲಿ ಮದುವೆಯಾಯಿತು. ನೀಲವ್ವ ಧಾರವಾಡಕ್ಕೆ ಹೋದಳು. ಗೌರಕ್ಕ ಆ ಎಲ್ಲ ದಿನ ಯಾರನ್ನೂ ಬೈಯಲಿಲ್ಲ. ಓಣಿಯ ಹೆಂಗಸರು, ಗೌರಕ್ಕಗ ಆರಾಮಿಲ್ಲೇನು ಎಂದು ಕೇಳಿದರು.

ಮದುವೆಯ ಚಪ್ಪರ ತೆಗೆದ ಮೇಲೆ ಒಂದು ದಿನ ಅಂಗಡಿಯ ಬಂಡಿಯವ ಹೊಳೆಯಪ್ಪ ಅಮರಗೋಳಕ್ಕೆ ಹತ್ತಿಕಾಳಿನ ಚೀಲ ಹೇರಿಕೊಂಡು ಹೊರಟಿದ್ದ. 'ನಾನೂ ಬರ್ತೇನಿ' ಎಂದಳು ಗೌರಕ್ಕ. ಗಾಳಿಗೆ ಹೋಗಿಬರುವೆ ಎಂದು ತಮ್ಮನಿಗೆ ಹೇಳಿದಳು. ಮುರಿಗೆವ್ವನಿಗೆ ತಿಳಿಯದೆ ಇರಲಿಲ್ಲ. ಅವಳು ಬೇಡವೆನ್ನಲಿಲ್ಲ. ಆಳುಮಗಳನ್ನು ಕರೆದು ಇಬ್ಬರೂ ಗೌರಕ್ಕನನ್ನು ಚೀಲಗಳ ನಡುವೆ ಕೌದಿಯ ಮೇಲೆ ಕೂರಿಸಿದರು. ಉಳಿದ ಬುಂದಿ ಉಂಡಿ ನಾಲ್ಕನ್ನು ಗಂಟು ಕಟ್ಟಿ ಮುರಿಗೆವ್ವ ಅವಳ ಮಡಿಲಲ್ಲಿ ಇಟ್ಟಳು.

ಬೀರವ್ವ ಇದ್ದದ್ದು ತಮ್ಮ ಗುಡ್ಡಪ್ಪನ ಮನೆಯಲ್ಲಿ. ಬಂಡಿ ಆ ಓಣಿಯಲ್ಲಿ ನಿಂತಾಗ ಅವಳು ಹಿತ್ತಲ ಗೋಡೆಗೆ ಕುಳ್ಳು ತಟ್ಟುತ್ತಿದ್ದಳು. ಬಂಡಿ ನೋಡಿದಳು, ಬಂಡಿಯಲ್ಲಿ ಕೂತವಳನ್ನು ನೋಡಿದಳು, ಮತ್ತೆ ಒಂದು ಕುಳ್ಳು ತಟ್ಟಿದಳು.

ಕಾಲಿದ್ದವಳಾಗಿದ್ದರೆ ಗೌರಕ್ಕ ಇಳಿದು ಹತ್ತಿರ ಹೋಗಿ, ಕೈ ಹಿಡಿದು ಮೆತ್ತಗೆ ಮಾತಾಡಬಹುದಿತ್ತು. ಬಂಡಿಯ ಮೇಲಿಂದ ಏನು ಹೇಳಬೇಕಾದರೂ ಕೂಗಿ ಹೇಳಬೇಕು. ಆಗಲೇ ಆಚೀಚೆಯ ಮನೆಗಳಿಂದ ಹೆಂಗಸರು ಬಾಗಿಲಿಗೆ ಬಂದಿದ್ದರು. ಗುಡ್ಡಪ್ಪ ಹೊರಗೆ ಬಂದು ಕೈಮುಗಿದು ನಿಂತ. ಗೌರಕ್ಕ ಬಾಯಿ ತೆರೆದಳು, ಬಾಯಿಂದ ಹಳೆಯ ಮಾತೇ ಬಂತು.

'ಏ ಬೀರಿ! ನಾನ ಇಲ್ಲೀತನಕ ಬರಬೇಕಾತೇನ? ಎಷ್ಟ ಸೊಕ್ಕ ನಿಂದು!'

ಬೀರವ್ವ ತಲೆ ಎತ್ತಲಿಲ್ಲ. ಎದುರು ಮನೆಯ ಕಟ್ಟೆಯ ಮೇಲಿಂದ ಒಬ್ಬ ಮುದುಕಿ ಕೇಳಿದಳು: 'ಯಾಕವ್ವಾ, ಈಕಿ ಕದ್ದಿದ್ದು ಸಿಕ್ಕಿತೇನ?'

'ಯಾರು? ಏನ ಕದ್ರು?'

'ಅಲ್ಲಬೇ, ಅಷ್ಟ ವರ್ಷ ದುಡದಾಕಿನ್ನ ಸುಮ್ಸುಮ್ಕ ಬಿಡಿಸ್ತಾರೇನು ದೊಡ್ಡ ಮನ್ಯಾಗ? ಬಂಗಾರ ಕದ್ದಾಳಂತ ಊರೆಲ್ಲಾ ಅಂತೈತಿ. ಅದಕ್ಕ ಈಕಿನ್ನ ಯಾರೂ ಕೆಲಸಕ್ಕ ಕರಿಯೂದಿಲ್ಲ.'

ಗೌರಕ್ಕನಿಗೆ ಇದು ಹೊಳೆದೇ ಇರಲಿಲ್ಲ. ಎರಡು ತಿಂಗಳಿಂದ ತನ್ನ ನಾಚಿಕೆಯನ್ನೇ ಮಗ್ಗುಲು ಬದಲಿಸಿ ಬದಲಿಸಿ ನೋಡಿದ್ದಳು. ಬೀರವ್ವ ಊರಿಗೆ ಹೋಗಿ ಯಾವ ಮುಖ ಹೊತ್ತು ತಿರುಗುತ್ತಿದ್ದಾಳೆಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಬಂಡಿಯ ಗೂಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

'ಈಕಿ ಏನೂ ಕದ್ದಿಲ್ಲ' ಎಂದಳು. ದನಿ ಸಣ್ಣದಾಗಿತ್ತು. ಎಲ್ಲರಿಗೂ ಕೇಳಲಿಲ್ಲ. ಮತ್ತೆ ಗಟ್ಟಿಯಾಗಿ ಹೇಳಿದಳು. 'ಈಕಿ ಏನೂ ಕದ್ದಿಲ್ಲ! ಬೀಗರು ಬಂದಾಗ ನಾ ಜಮಖಾನಿ ಮ್ಯಾಲೆ ಉಚ್ಚಿ ಹೊಯ್ಕೊಂಡೆ. ನಾಚಿಕಿ ಆತು. ತಂಬಿಗಿ ಉರಳಿಸಿ, ಬೀರವ್ವ ನೀರ ಚೆಲ್ಯಾಳ ಅಂತ ಸುಳ್ಳ ಹೇಳಿದೆ. ಅದಕ್ಕ ಬಿಡಿಸಿದ್ರು. ಮತ್ತೇನೂ ಇಲ್ಲ.'

ಯಾರೋ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಕಿಸಕ್ಕೆಂದಳು. ಹೊಳೆಯಪ್ಪ ಎತ್ತುಗಳ ಮುಂದೆ ಹೋಗಿ ಹಗ್ಗ ಸರಿಮಾಡತೊಡಗಿದ. ಗುಡ್ಡಪ್ಪ ನೆಲ ನೋಡಿದ. ಗೌರಕ್ಕನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಓಡಿಹೋಗಲು ಕಾಲಿಲ್ಲ, ಬಂಡಿ ಹೊಡಿ ಎನ್ನಲು ಬಾಯಿಲ್ಲ.

ಬೀರವ್ವ ಬಾನಿಯ ನೀರಿನಲ್ಲಿ ಕೈ ತೊಳೆದುಕೊಂಡು ಬಂಡಿಯ ಹತ್ತಿರ ಬಂದಳು.

'ನೀವು ತಂಬಿಗಿ ತಳ್ಳಿದ್ದು ನಾ ನೋಡೇನ್ರಿ. ಬಾಗಲ ಮರಿಗೆ ನಿಂತಿದ್ದೆ. ಅದಕ್ಕ ನನಗ ಸಿಟ್ಟಿಲ್ಲ. ಮಾನ ಮುಚ್ಚಿಕೊಳ್ಳಾಕ ಮನಷ್ಯಾ ಏನರೆ ಮಾಡ್ತಾನ. ಆದ್ರ ಕಿವ್ಯಾಗ ಕೇಳಿದ್ನಲ್ರಿ, ಬಚ್ಚಲಕೇನು ಅಂತ? ಹೂಂ ಅಂದಿದ್ರ ಸಾಕಿತ್ತು. ಕಂಬಳಿ ಹೊಚ್ಚಿ ಎತಗೊಂಡ ಹೋಗತಿದ್ದೆ.'

'ಅವರು ನೋಡಾಕತ್ತಿದ್ರು ಬೀರವ್ವಾ.'

'ನಾನೂ ಅಲ್ಲೇ ಇದ್ದೆನ್ರಿ' ಎಂದಳು ಬೀರವ್ವ.

ಅಷ್ಟರಲ್ಲಿ ಗೌರಕ್ಕನಿಗೆ ಒಳಗೆ ಅವಸರವಾಯಿತು. ಬಂಡಿಯ ಕುಲುಕಾಟವೋ, ಬಿಸಿಲಿಗೆ ತಡೆಯದೆ ದಾರಿಯಲ್ಲಿ ಹೊಳೆಯಪ್ಪನ ಹತ್ತಿರ ಕೇಳಿ ಕುಡಿದ ನೀರೋ. ಬಾಯಿಗೆ ಬೈಗುಳ ಬಂತು. ಬಂಡಿ ಸೊಟ್ಟ ನಿಂತಿದೆ ಎನ್ನಬೇಕೆನ್ನಿಸಿತು. ಎದುರಿಗೆ ಇಡೀ ಓಣಿ, ಪಕ್ಕದಲ್ಲಿ ಗಂಡಸು. ಬೀರವ್ವ ಈಗ ಅವಳ ಕೆಲಸದವಳಲ್ಲ. ಒಲ್ಲೆ ಎಂದರೆ ಅದೂ ನ್ಯಾಯವೇ.

'ಬೀರವ್ವಾ' ಎಂದಳು. 'ನನಗ ಕಾಲ್ಮಡಿಗಿ ಹೋಗಬೇಕಾಗೇತಿ. ಭಾಳ ಅವಸರ ಐತಿ. ಕರಕೊಂಡ ಹೋಗ್ತೀಯೇನು?'

ಬೀರವ್ವ ಅವಳ ಮುಖ ನೋಡಿದಳು. ಎಂಟು ವರ್ಷದಲ್ಲಿ ಕೇಳದ ಮಾತು ಅದು. ಬಂಡಿಯ ಹಿಂದಕ್ಕೆ ಬಂದು ತಿರುಗಿ, ಬೆನ್ನು ಬಗ್ಗಿಸಿ ನಿಂತಳು.

ಗೌರಕ್ಕ ಕೈಯೂರಿ ಸರಿದು, ಎಂದಿನಂತೆ ಎರಡೂ ತೋಳುಗಳಿಂದ ಅವಳ ಕೊರಳನ್ನು ಬಿಗಿದಪ್ಪಿದಳು. ಎರಡು ಹೆಜ್ಜೆ ನಡೆದು ಬೀರವ್ವ ನಿಂತಳು.

'ಕೊರಳ ಬಿಡ್ರಿ. ಹೆಗಲ ಹಿಡೀರಿ.'

'ಬಿಟ್ರ ಬೀಳ್ತೇನಿ.'

'ಬೀಳಂಗಿಲ್ಲ. ನನಗ ಉಸರ ಕಟ್ಟತೈತ್ರಿ.'

ಗೌರಕ್ಕ ತೋಳು ಸಡಿಲಿಸಿ ಹೆಗಲು ಹಿಡಿದಳು. 'ಯಾವಾಗಿಂದ?'

'ಮೊದಲಿಂದನೂ.'

'ಒಂದ ದಿನಾನೂ ಹೇಳಲಿಲ್ಲಲ್ಲ?'

'ಹೇಳಿದ್ರ ಬೈತೀರಿ ಅಂತ ಹೇಳಲಿಲ್ಲ' ಎಂದು ಬೀರವ್ವ ಮುಂದೆ ನಡೆದಳು.

ಜೋಳದ ಕಣಿಕೆಯ ಬಣವೆಯ ಮರೆಯಲ್ಲಿ ಅವಳನ್ನು ಕೂರಿಸಿ, ಬೆನ್ನಿಗೆ ಮೊಣಕಾಲು ಆನಿಸಿ, ಆಚೆ ಮುಖ ಮಾಡಿ ನಿಂತಳು. ಗೌರಕ್ಕ ಅಳುತ್ತಿದ್ದಳು. ಉಚ್ಚೆಯ ನಾಚಿಕೆಗಾಗಿ ಅತ್ತಳೋ, ದಿನಕ್ಕೆ ಐದಾರು ಸಲ ಒಬ್ಬಳ ಕೊರಳನ್ನು ಹಿಸುಕುತ್ತ ಬಂದದ್ದಕ್ಕಾಗಿ ಅತ್ತಳೋ, ಅವಳಿಗೇ ತಿಳಿಯಲಿಲ್ಲ. ಬೀರವ್ವ ಸಮಾಧಾನ ಹೇಳಲಿಲ್ಲ. ಮುಗಿದ ಮೇಲೆ ನೀರು ಕೊಟ್ಟಳು.

ಬಂಡಿಯಲ್ಲಿ ಕೂರಿಸಿದ ಮೇಲೆ ಗೌರಕ್ಕ ಉಂಡಿಯ ಗಂಟನ್ನು ಕೊಟ್ಟು, 'ಬರ್ತೀಯೇನವ್ವಾ ಮನಿಗಿ?' ಎಂದು ಕೇಳಿದಳು.

'ಬರ್ತೇನಿ. ಇವತ್ತ ಒಲ್ಲೆ. ಯುಗಾದಿ ಇಲ್ಲೇ ಮಾಡ್ತೇನಿ' ಎಂದಳು ಬೀರವ್ವ. 'ಬಂದ ಮ್ಯಾಲೆ ನನಗ ಏ ಅನಬ್ಯಾಡ್ರಿ, ನನಗ ಹೆಸರೈತಿ. ಮತ್ತ ನಿಮ್ಮ ಹೊಟ್ಟ್ಯಾಗಿಂದು ನನಗೇನ ಕನಸ ಬೀಳ್ತೈತೇನ್ರಿ? ಬೈಬೇಕಂದ್ರ ಬೈರಿ, ಬೈದ್ರ ನನಗೇನ ಮೈ ಸವಿಯೂದಿಲ್ಲ. ಆದ್ರ ಏನ ಬೇಕು ಅದನ್ನ ಮೊದಲ ಹೇಳಿ ಆಮ್ಯಾಲೆ ಬೈರಿ.'

ಕಟ್ಟೆಯ ಮುದುಕಿ ನಕ್ಕಳು. ಗೌರಕ್ಕನಿಗೆ ನಗು ಬರಲಿಲ್ಲ. ಹೂಂ ಎಂದು ತಲೆಯಾಡಿಸಿದಳು.

ಯುಗಾದಿ ಮುಗಿದು ವಾರಕ್ಕೆ ಬೀರವ್ವ ಬಂದಳು. ಅದಕ್ಕೆ ಮೊದಲೇ ಅಮರಗೋಳದ ಮಾತು ಹುಬ್ಬಳ್ಳಿಗೆ ಬಂದಿತ್ತು. ಕುಬೇರಪ್ಪ ಅಂಗಡಿಯಲ್ಲಿ ಯಾರದೋ ಬಾಯಿಂದ ಅದನ್ನು ಕೇಳಿ, ಅಕ್ಕನೊಡನೆ ಬಹಳ ದಿನ ಮಾತು ಬಿಟ್ಟ. ಧಾರವಾಡಕ್ಕೂ ಸುದ್ದಿ ಮುಟ್ಟಿತು. ನೀಲವ್ವನಿಗೆ ಅವಳ ಅತ್ತೆ, 'ನಿಮ್ಮ ಸ್ವಾದರತ್ತಿ ಜಮಖಾನಿ ತೋಯಿಸಿದ್ದು ಖರೇ ಏನು?' ಎಂದು ಕೇಳಿದಳಂತೆ. ನೀಲವ್ವ ತವರಿಗೆ ಬಂದಾಗ ಅದನ್ನು ಹೇಳಿ ಅತ್ತಳು. ಗೌರಕ್ಕ ಸೊಸೆಯಂತೆ ತಲೆ ತಗ್ಗಿಸಿ ಕೂತು ಕೇಳಿದಳು. ಸುಳ್ಳು ಹೇಳಿದಾಗಲೂ ನಾಚಿಕೆ, ಖರೆ ಹೇಳಿದಾಗಲೂ ನಾಚಿಕೆ. ಆದರೆ ಎರಡನೆಯದನ್ನು ಹೊತ್ತುಕೊಂಡು ಬೀರವ್ವನ ಮುಖ ನೋಡಲು ಬರುತ್ತಿತ್ತು.

ಬೈಯುವ ಚಾಳಿ ಪೂರಾ ಹೋಗಲಿಲ್ಲ. ಎಷ್ಟೋ ದಿನ ದೀಪ, ಚಾಪೆ, ಕಿಟಕಿ ಎಂದು ಸುರುಮಾಡಿ ನಡುವೆ ತಡೆದು, 'ಬಚ್ಚಲಕ' ಎನ್ನುತ್ತಿದ್ದಳು. ಬೀರವ್ವ ಈಗ ಬೈಗುಳಕ್ಕೆ ಏಳುತ್ತಿರಲಿಲ್ಲ, ಆ ಮಾತಿಗಾಗಿ ಕಾಯುತ್ತಿದ್ದಳು. ಒಂದೆರಡು ಸಲ ಕಾಯುತ್ತಲೇ ಹಾಸಿಗೆ ಒದ್ದೆಯಾಯಿತು. ಆಗ ಇಬ್ಬರೂ ಮುಖ ಗಂಟಿಕ್ಕಿಕೊಂಡು ಹಾಸಿಗೆ ಬದಲಿಸುತ್ತಿದ್ದರು. ಬೀರವ್ವನೂ ಮಾತು ಕಲಿತಳು. ಇವತ್ತು ಬಲಹೆಗಲು ನೋಯುತ್ತಿದೆ, ಎಡಕ್ಕೆ ಭಾರ ಹಾಕಿರಿ ಎನ್ನುವಳು. ಈ ಹೊತ್ತಿಗೆ ನಾನು ಉಣ್ಣಬೇಕು, ತುಸು ತಡೆಯುತ್ತೀರೇನು ಎಂದು ಕೇಳುವಳು. ತಡೆಯಲು ಬರುವಂತಿದ್ದರೆ ಗೌರಕ್ಕ ಹೂಂ ಎನ್ನುವಳು, ಇಲ್ಲದಿದ್ದರೆ ಆಗುವುದಿಲ್ಲ ಎನ್ನುವಳು.

ನಲವತ್ತೆರಡನೆಯ ಇಸವಿಯಲ್ಲಿ, ಒಂದು ಬೆಳಗ್ಗೆ, ಬಚ್ಚಲ ಹೊಸ್ತಿಲಲ್ಲಿ ಬೀರವ್ವ ಗೋಡೆ ಹಿಡಿದು ನಿಂತಳು. ಗೌರಕ್ಕನನ್ನು ಮೆಲ್ಲಗೆ ಇಳಿಸಿ, 'ಇನ್ನ ನನ್ನ ಕಡಿಂದ ಹೊರೂದು ಆಗೂದಿಲ್ರಿ' ಎಂದಳು. ಗೌರಕ್ಕನಿಗೆ ಮೊದಲು ಸಿಟ್ಟು ಬಂತು, ನನ್ನ ಗತಿ ಏನು ಎಂದು. ಸಿಟ್ಟು ಬಂದದ್ದಕ್ಕೆ ಮುಖ ಸಣ್ಣದಾಯಿತು. ಬಚ್ಚಲ ಕಲ್ಲಿನ ಮೇಲೆ ಕೂತೇ, 'ನೀ ಹೇಳಿದ್ದು ಛಲೋ ಆತು' ಎಂದಳು.

ಬೀರವ್ವ ತಮ್ಮನ ಮನೆಗೆ ಹೋದ ಮೇಲೆ ಅವಳ ಜಾಗಕ್ಕೆ ರುಕ್ಮವ್ವ ಎಂಬ ಹರೆಯದ ಹೆಂಗಸು ಬಂದಳು. ಬಂದ ದಿನವೇ ಪಡಸಾಲೆಯಲ್ಲಿ ಅಂಗಡಿಯ ಗುಮಾಸ್ತರಿಬ್ಬರು ಕುಬೇರಪ್ಪನೊಡನೆ ಮಾತಾಡುತ್ತ ಕೂತಿದ್ದರು. ಗೌರಕ್ಕನಿಗೆ ಅವಸರವಾಯಿತು. ಹೊಸಬಳಿಗೆ ಏನೂ ಗೊತ್ತಿಲ್ಲ, ಸೊಪ್ಪು ಸೋಸುತ್ತ ಕೂತಿದ್ದಾಳೆ. ಕರೆಯಬೇಕು. ಗಂಡಸರು ಕೇಳುತ್ತಾರೆ. ಗೌರಕ್ಕನ ಕಿವಿಗಳು ಆಗಲೇ ಬಿಸಿಯಾಗಿದ್ದವು. ಇಷ್ಟು ವರ್ಷವಾದರೂ ಅವು ಬಿಸಿಯಾಗುವುದನ್ನು ಬಿಟ್ಟಿರಲಿಲ್ಲ.

'ರುಕ್ಮವ್ವಾ, ಇಲ್ಲಿ ಬಾರವ್ವಾ. ನನಗ ಬಚ್ಚಲಕ ಹೋಗಬೇಕು. ನೀ ಮೊದಲ ನನಗ ಬೆನ್ನ ಕೊಟ್ಟ ಕುಂಡ್ರು, ನಾ ನಿನ್ನ ಹೆಗಲ ಹಿಡೀತೇನಿ. ಎಲ್ಲೆರೆ ನೋವಾದ್ರ ಆಗ ಹೇಳು.'

ಗುಮಾಸ್ತರು ಮಾತು ನಿಲ್ಲಿಸಿದರು. ಕುಬೇರಪ್ಪ ಕೆಮ್ಮಿದ. ರುಕ್ಮವ್ವ ಸೊಪ್ಪಿನ ಬುಟ್ಟಿ ಕೆಳಗಿಟ್ಟು, 'ಹೂಂನ್ರಿ' ಎಂದು ಎದ್ದಳು.